ಮೇಷ್ಟ್ರ ಕಂಪ್ಯೂಟರಿನ ಸದ್ದು

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಗೊತ್ತಾಗಿದ್ದು ಯಾರದ್ದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ. ಮೈಸೂರು ಪೇಟ ಇಟ್ಟು ಹಾರ ಹಾಕಿದ ಹಳೇ ಫೋಟೋ. ಕೆಳಗೆ ‘ನೂರಾರು ಮನೆಗಳಲ್ಲಿ ದೀಪ ಹಚ್ಚಿದ ಕೈ’ ಎಂದು ಬರೆದಿದ್ದರು. ಓದಿದೆ, ಫೋನು ಕೆಳಗಿಟ್ಟೆ, ತಟ್ಟೆಯಲ್ಲಿದ್ದ ಚಿತ್ರಾನ್ನ ತಿಂದು ಮುಗಿಸಿದೆ. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದಂತೆ. ಬದುಕಿರುವವರ ಬಗ್ಗೆ, ಅದರಲ್ಲೂ ಮದುವೆಗೆ ಬಂದ ಹೆಣ್ಣುಮಕ್ಕಳ ಬಗ್ಗೆ ಆಡಬಹುದೇ? ಮೇಷ್ಟ್ರು ಆಡುತ್ತಿದ್ದರು. ಹಾಗಾಗಿ ಅವರ ವಿಷಯದಲ್ಲಿ ನಾನು ಆ ಶಾಸ್ತ್ರ ಪಾಲಿಸುವುದಿಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ರಾಮನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದವರು. ಕೂಟಗಲ್‌ನಿಂದ ಬಸ್ಸಿನಲ್ಲಿ ಬಂದು ಅವರ ಹತ್ತಿರ ಟೈಪಿಂಗ್ ಕಲಿತವರಲ್ಲಿ ನಾನೂ ಒಬ್ಬಳು. ಬೆರಳು ನೋಡಿಕೊಂಡು ಹೊಡೆಯುವವರ ಕೈ ಮೇಲೆ ತಮ್ಮ ಹೆಗಲ ಟವೆಲ್ ಹಾಸಿ ಮುಚ್ಚಿಬಿಡುತ್ತಿದ್ದರು. “ಬೆಳ್ಳು ನೋಡ್ಬೇಡ ಕಣವ್ವ, ಕಾಗ್ದ ನೋಡು” ಎನ್ನುತ್ತಿದ್ದರು. ಆ ಟವೆಲ್ ಲವಂಗದ ವಾಸನೆ ಹೊಡೆಯುತ್ತಿತ್ತು, ಏಕೆಂದರೆ ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಕಲಿಸಿದ್ದು ಮಾತ್ರ ಚೆನ್ನಾಗಿಯೇ ಕಲಿಸಿದರು. ಇವತ್ತು ಚನ್ನಪಟ್ಟಣದಲ್ಲಿ ನನ್ನದೇ ಕಂಪ್ಯೂಟರ್ ಸೆಂಟರ್ ಇದೆ, ಕಣ್ಣು ಮುಚ್ಚಿಕೊಂಡು ಕನ್ನಡ ಟೈಪ್ ಮಾಡುತ್ತೇನೆ, ಅದು ಅವರು ಕೊಟ್ಟ ವಿದ್ಯೆ. ಉಂಡ ಮನೆಯ ಗಳ ಎಣಿಸುವವಳು ಅಂತ ಯಾರೂ ಅನ್ನಬಾರದೆಂದು ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಅದೇ ಅಂಗಡಿಗೆ ‘ಕಂಪ್ಯೂಟರ್ ಜಾತಕ, ಸಾಲಾವಳಿ, ವಧೂವರರ ಮಾಹಿತಿ’ ಎಂಬ ಬೋರ್ಡು ಬಂತು. ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ಜಾಗ ಒಳ್ಳೆಯದಿತ್ತು. ಗೂಡಿನ ಮಾರ್ಕೆಟ್ಟಿನಿಂದ ಒಂದು ಓಣಿ ಈಚೆಗೆ. ರೈತರು ರೇಷ್ಮೆಗೂಡು ಮಾರಿ, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ನಮ್ಮಲ್ಲಿಗೆ ಬರುತ್ತಿದ್ದರು. ಗೂಡಿಗೆ ಒಳ್ಳೇ ರೇಟು ಸಿಕ್ಕ ದಿನವೇ ಮನೆಯಲ್ಲಿರುವ ಹೆಣ್ಣಿನ ಮದುವೆ ನೆನಪಾಗುವುದು. ನಮ್ಮದು ಶೀಟಿನ ಛಾವಣಿಯ ಒಂದೇ ಕೋಣೆ, ನಡುವೆ ಪ್ಲೈವುಡ್ ಗೋಡೆ. ಗೋಡೆಯ ಈಚೆ ಬಂದವರು ಕಾಯುವ ಬೆಂಚು. ಆಚೆ ಮೇಷ್ಟ್ರ ಮೇಜು, ನಾನು, ಕಂಪ್ಯೂಟರು.

ಆ ಕಂಪ್ಯೂಟರಿನ ಸದ್ದಿನ ಬಗ್ಗೆ ಹೇಳದೆ ಮೇಷ್ಟ್ರ ಬಗ್ಗೆ ಹೇಳುವುದು ಆಗುವುದಿಲ್ಲ. ಯಾವ ಕಾಲದಲ್ಲೋ ಅಸೆಂಬಲ್ ಮಾಡಿಸಿದ ಮಷೀನು. ಜಾತಕದ ಸಾಫ್ಟ್‌ವೇರು ಅದೊಂದರಲ್ಲೇ ಓಡುತ್ತಿತ್ತು, ಅದಕ್ಕೇ ಬದಲಾಯಿಸುವ ಹಾಗಿರಲಿಲ್ಲ. ಮೇಲೆ ಶೀಟಿನ ಸೆಕೆ, ಬಾಗಿಲಿನಿಂದ ರಸ್ತೆಯ ಧೂಳು, ಸಾಲದ್ದಕ್ಕೆ ಮೇಷ್ಟ್ರು ಬೆಳಗ್ಗೆ ಸಂಜೆ ಅದಕ್ಕೆ ಊದುಬತ್ತಿ ಬೆಳಗಿ ಹಿಡಿಯಷ್ಟು ವಿಭೂತಿ ಬಳಿಯುತ್ತಿದ್ದರು. ವಿಭೂತಿಯೆಲ್ಲ ಫ್ಯಾನಿನೊಳಕ್ಕೆ. ಒಳಗಿದ್ದ ಎರಡು ಫ್ಯಾನುಗಳೂ ಅಂಗಡಿ ತೆಗೆದಾಗಿನಿಂದ ಮುಚ್ಚುವವರೆಗೂ ಗುಯ್ಯೆಂದು ಒದರುತ್ತಿದ್ದವು. ಎದುರಿಗಿದ್ದವರಿಗೆ ಮಾತು ಕೇಳಿಸಬೇಕಾದರೆ ಗಂಟಲು ಏರಿಸಲೇಬೇಕು. ಮೇಷ್ಟ್ರ ಗಂಟಲು ಹಾಗೇ ಏರಿ ನಿಂತುಬಿಟ್ಟಿತ್ತು. ಅವರು ಗುಟ್ಟು ಹೇಳಿದರೂ ಅಷ್ಟೇ ಜೋರು. ಆದರೆ ಮಷೀನು ಓಡುತ್ತಿರುವಾಗ ಬೆಂಚಿನಲ್ಲಿ ಕೂತವರಿಗೆ ಗುಯ್ ಎನ್ನುವುದು ಬಿಟ್ಟರೆ ಒಂದಕ್ಷರ ಕೇಳಿಸುತ್ತಿರಲಿಲ್ಲ.

“ಇದೇನು ಕಂಪ್ಯೂಟ್ರೋ, ರಾಗಿ ಮಿಲ್ಲೋ? ಇದ್ರ ಸದ್ದು ಅಡಗ್ಸವ್ವ, ನನ್ ತಲೆ ಚಿಟ್ಟು ಹಿಡಿದೋಯ್ತು” ಎಂದು ದಿನಾ ನನ್ನ ಮೇಲೆ ಹಾರಾಡುತ್ತಿದ್ದರು. ನಾನೇ ಒಳಗೆ ಕೂತು ಒದರುತ್ತಿದ್ದೇನೋ ಎಂಬಂತೆ.

ಬಂದವರಿಗೆ ಅವರು ದೇವರಂಥ ಮನುಷ್ಯ. ಎಲ್ಲರ ಮನೆ ಹೆಣ್ಣುಮಕ್ಕಳೂ ಅವರಿಗೆ ‘ನಮ್ ಕೂಸು’. ತಂದೆಯಿಲ್ಲದ ಹುಡುಗಿಯರ ಜಾತಕ ಪುಕ್ಕಟೆ ತೆಗೆಸಿಕೊಡುತ್ತಿದ್ದರು. “ಸಾಲಾವಳಿ ಕಂಪ್ಯೂಟ್ರು ಯೋಳ್ತದೆ, ಸಂಬಂದ ನಾನ್ ಯೋಳ್ತೀನಿ” ಎಂಬುದು ಅವರ ಮಾತು. ನಾನು ಪ್ರಿಂಟು ತೆಗೆದುಕೊಟ್ಟ ಕೂಡಲೇ ಕಾಗದ ಹಣೆಗೊತ್ತಿಕೊಂಡು, ಬೆರಳಿನ ಹವಳದುಂಗುರ ಒಂದು ಸುತ್ತು ತಿರುಗಿಸಿ, ನನ್ನ ಕಡೆ ನೋಡುತ್ತಿದ್ದರು. “ಒಸಿ ಟೀ ತಂದ್ಬುಡವ್ವ.” ನಾನು ಎದ್ದು ಹೋಗುತ್ತಿದ್ದೆ. ಕೊಡು ತಗೊಳ್ಳುವ ಮಾತು ಹೆಣ್ಣುಮಗಳ ಎದುರಿಗೆ ಬೇಡ ಎಂಬ ಮರ್ಯಾದೆ ಅದು ಅಂದುಕೊಂಡಿದ್ದೆ. ಅಷ್ಟು ವರ್ಷ ಹಾಗೇ ಅಂದುಕೊಂಡೆ.

ನನಗೂ ಸಂಬಂಧಗಳು ಬರುತ್ತಿದ್ದವು. ಕಬ್ಬಾಳಿನ ಕಡೆಯದೊಂದು ಬಂತು. ಹುಡುಗ ಅವರೂರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಸಾಲಾವಳಿ ನಾನೇ ತೆಗೆದು ನೋಡಿದ್ದೆ, ಚೆನ್ನಾಗಿ ಕೂಡಿತ್ತು. ಅವರು ಬಂದು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ಒಪ್ಪಿಗೆಯ ಮುಖ ಮಾಡಿಕೊಂಡೇ ಎದ್ದರು. ಹುಡುಗ ಹಿತ್ತಲ ಬಾಗಿಲ ಹತ್ತಿರ ನನ್ನ ಜೊತೆ ನಾಲ್ಕು ಮಾತಾಡಿದ. “ಕೆಲ್ಸ ಬುಡ್ಬೇಡಿ. ಕನಕಪುರದಲ್ಲೂ ಕಂಪ್ಯೂಟರ್ ಸೆಂಟರ್‌ಗಳವೆ, ದಿನಾ ಬಸ್ಸೈತೆ” ಅಂದ. ಹೆಣ್ಣು ನೋಡಲು ಬಂದವನು ಅಡುಗೆ ಬರುತ್ತದಾ ಎಂದು ಕೇಳದೆ ಬಸ್ಸಿನ ವಿಷಯ ಹೇಳಿದ್ದು ನನಗೆ ಇಷ್ಟವಾಗಿತ್ತು. ತುಂಬಾ ಇಷ್ಟವಾಗಿತ್ತು. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಇಲ್ಲ. ಬೇರೆಯವರ ಬಾಯಲ್ಲಿ ‘ಈಗ್ಲೇ ಬ್ಯಾಡ’ ಎಂಬ ಮಾತು ಬಂತು. ಅದರ ಹಿಂದೆ ಬಂದ ಸಂಬಂಧಗಳದ್ದೂ ಅದೇ ಕಥೆ. ಬರುತ್ತಾರೆ, ನಗುತ್ತಾರೆ, ಕೆಲಸದ ಕಡೆ ಒಂದು ಮಾತು ವಿಚಾರಿಸುತ್ತೇವೆ ಅನ್ನುತ್ತಾರೆ, ಮತ್ತೆ ಬರುವುದಿಲ್ಲ. ಅವ್ವ ಅತ್ತು ಅತ್ತು, ನನ್ನನ್ನು ಮದುವೆ ಮನೆಗಳಿಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದಳು. ಅಪ್ಪ ನನ್ನ ಜಾತಕದಲ್ಲೇ ದೋಷ ಎಂದು ನಂಬಿ, ಗುಡಿಗುಡಿಗೂ ಹರಕೆ ಹೊತ್ತು, ನನ್ನ ಮುಖ ನೋಡಿ ಮಾತಾಡುವುದನ್ನು ಕಡಿಮೆ ಮಾಡಿದ. ಹಾಗಿದ್ದೂ ಪ್ರತಿ ಅವರೆ ಸುಗ್ಗಿಗೆ ಮೇಷ್ಟ್ರ ಮನೆಗೆ ಒಂದು ಚೀಲ ಸೊಗಡವರೆ ತಲುಪಿಸುವುದನ್ನು ತಪ್ಪಿಸಲಿಲ್ಲ.

ಒಂದು ದಿನ ಮೇಷ್ಟ್ರು ಟೀ ತರಲು ಕಳಿಸಿದಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಮಷೀನು ತಣ್ಣಗೆ ನಿಂತುಬಿಟ್ಟಿತು. ನಾನು ಟೀ ಲೋಟಗಳನ್ನು ಹಿಡಿದು ಬೆಂಚಿನ ಹತ್ತಿರ ಬಂದೆ. ಬೆಂಚು ಖಾಲಿ. ಪ್ಲೈವುಡ್ಡಿನ ಆಚೆಯಿಂದ ಮೇಷ್ಟ್ರ ಏರಿದ ಗಂಟಲು ಪಾಠ ಹೇಳುವಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಕೆಲ್ಸದಲ್ಲಿ ನಮ್ ಕೂಸು ಬಂಗಾರ, ಎರಡ್ ಮಾತಿಲ್ಲ. ಆದ್ರೆ ಸಂಸಾರಕ್ಕೆ ಅಂತ ತಕ್ಕಂಡ್ ಹೋಗೋರು ಒಸಿ ಯೋಚ್ನೆ ಮಾಡ್ಬೇಕು. ಆವಾಗಾವಾಗ ಮೂರ್ಛೆ ಬತ್ತದೆ. ಕುರ್ಚಿಯಿಂದ ಬಿದ್ದುದ್ನ ನಾನೇ ಎತ್ತಿ ಕೂರ್ಸಿವ್ನಿ. ನಾನ್ ಯೋಳ್ದೆ ಅಂತ ಮಾತ್ರ ಯೋಳ್ಬೇಡಿ.”

ನನಗೆ ಹುಟ್ಟಿದಾಗಿನಿಂದ ಮೂರ್ಛೆ ಬಂದದ್ದಿಲ್ಲ. ಆ ಹೊತ್ತಿನಲ್ಲೂ ಬರಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ಟೀ ಕೊಟ್ಟೆ. ನನ್ನ ಬಗ್ಗೆ ವಿಚಾರಿಸಲು ಬಂದಿದ್ದ ಗಂಡಿನ ಕಡೆಯವರು ಲೋಟ ತೆಗೆದುಕೊಳ್ಳುವಾಗ ನಾನು ಬೀಳುತ್ತೇನೇನೋ ಎಂಬಂತೆ ನೋಡಿದರು. ಮೇಷ್ಟ್ರು “ಸಕ್ರೆ ಕಮ್ಮಿ ಆಗೈತೆ ಕಣವ್ವ” ಅಂದರು.

ಯಾಕೆ ಹೀಗೆ ಮಾಡಿದರೆಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಆ ಸಾಫ್ಟ್‌ವೇರು ನಡೆಸಲು ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಮದುವೆಯಾಗಿ ಹೋದರೆ ಅಂಗಡಿ ನಿಲ್ಲುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಮೇಷ್ಟ್ರಿಗೆ ಮದುವೆ ಮುರಿಯಲು ಒಂದೇ ಸುಳ್ಳು ಸಾಕಿತ್ತು. ಬೇರೆಯವರ ಹೆಣ್ಣುಮಕ್ಕಳಿಗೂ ಹೀಗೇ ಒಂದೊಂದು ಕಾಯಿಲೆ ಅಂಟಿಸಿ, ಒಳ್ಳೇ ಗಂಡನ್ನು ತಮಗೆ ಬೇಕಾದವರ ಮನೆ ಕಡೆ ತಿರುಗಿಸುತ್ತಿದ್ದರೆಂಬುದು ಆಮೇಲೆ ಗೊತ್ತಾಯಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕೆಲಸ.

ಮನೆಗೆ ಹೋಗಿ ಹೇಳಿದೆ. ಅವ್ವ, “ಮೇಷ್ಟ್ರು ಅಂಗೆ ಅನ್ನೋರಲ್ಲ, ನೀನು ಸರ್ಯಾಗಿ ಕೇಳಿಸ್ಕಂಡಿಲ್ಲ” ಅಂದಳು. ಅಪ್ಪ ಹುಳದ ತಟ್ಟೆಗೆ ಸೊಪ್ಪು ಹರಡುತ್ತಿದ್ದವನು ತಲೆಯೆತ್ತದೆ, “ಅಕ್ಸರ ಕಲ್ಸಿದೋರ ಮ್ಯಾಲೆ ಇಂಥ ಮಾತಾಡ್ಬ್ಯಾಡ” ಅಂದ. ಮೇಷ್ಟ್ರ ಮೇಲೆ ನನಗಿದ್ದ ಸಿಟ್ಟು ರಕ್ತಕ್ಕಿಳಿದದ್ದು ಆವತ್ತು. ಮದುವೆ ಮುರಿದದ್ದಿರಲಿ, ಹೆತ್ತವರೇ ನನ್ನ ಮಾತು ನಂಬದ ಹಾಗೆ ಮಾಡಿಟ್ಟಿದ್ದರಲ್ಲ. ನಾನು ಹೇಳಿ ಪ್ರಯೋಜನವಿಲ್ಲ, ಅಪ್ಪನ ಕಿವಿಗೇ ಬೀಳಬೇಕು ಎಂದು ನಿರ್ಧಾರ ಮಾಡಿದೆ. ಹೇಗೆಂಬುದನ್ನು ಕರೆಂಟು ಹೋಗಿ ತೋರಿಸಿಕೊಟ್ಟಿತ್ತು.

ಮಾರನೇ ದಿನ ಮೇಷ್ಟ್ರು ಎಂದಿನಂತೆ ಸದ್ದಿನ ಮೇಲೆ ರೇಗಿದಾಗ, “ಫ್ಯಾನ್ ಕಂಟ್ರೋಲರ್ ಅಂತ ಬತ್ತದಂತೆ ಮೇಷ್ಟ್ರೇ, ಹಾಕುದ್ರೆ ಸದ್ದು ಅಡಗ್ತದೆ. ಹಾಕ್ಲಾ?” ಅಂದೆ.

“ಹಾಕವ್ವ. ನಿಂಗೆ ಪುಣ್ಯ ಬತ್ತದೆ” ಅಂದರು.

ಕಂಪ್ಯೂಟರ್ ರಿಪೇರಿ ಅಂಗಡಿಯವರಿಗೆ ಹೇಳಿ ತರಿಸಿದೆ. ಅಂಗೈಯಗಲದ ಪಟ್ಟಿ, ಮುಂದೆ ತಿರುಗಿಸುವ ಎರಡು ಗುಂಡಿ, ಹಿಂದೆ ವೈರು. ಮನೆಯ ಸೀಲಿಂಗ್ ಫ್ಯಾನಿಗೆ ರೆಗ್ಯುಲೇಟರ್ ಇದ್ದ ಹಾಗೆ. “ಪ್ರೊಸೆಸರ್ ಮೇಲಿನ ಫ್ಯಾನ್ ತೀರಾ ಇಳಿಸ್ಬೇಡಿ ಮೇಡಂ, ಬಿಸಿಯಾಗಿ ತಾನೇ ಆಫ್ ಆಗ್ತದೆ” ಎಂದು ಅಂಗಡಿಯವರು ಎಚ್ಚರಿಸಿದರು. ಅಮಾವಾಸ್ಯೆಯ ದಿನ ಜಾತಕ ತೋರಿಸಲು ಯಾರೂ ಬರುವುದಿಲ್ಲ. ಆವತ್ತು ಅಂಗಡಿ ತೆಗೆದು ಮಷೀನಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ ಒಂದು ಬೊಗಸೆ ವಿಭೂತಿ. ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಫ್ಯಾನಿನ ನಡುವಿನ ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಮಷೀನಿನ ಎಣ್ಣೆ ಒಂದು ತೊಟ್ಟು ಬಿಟ್ಟೆ. ಕೆಟ್ಟು ಕೂತಿದ್ದ ಸಿಡಿ ಡ್ರೈವನ್ನು ಕಿತ್ತು, ಆ ಜಾಗಕ್ಕೆ ಕಂಟ್ರೋಲರ್ ಕೂರಿಸಿ ಸ್ಕ್ರೂ ಬಿಗಿದೆ. ಫ್ಯಾನುಗಳ ವೈರನ್ನು ಮದರ್‌ಬೋರ್ಡಿನಿಂದ ಬಿಡಿಸಿ ಅದಕ್ಕೆ ಕೊಟ್ಟೆ, ಅದರ ವೈರನ್ನು ಪವರ್ ಸಪ್ಲೈಗೆ ಕೊಟ್ಟೆ. ಫ್ಯಾನು ಸಿಗಲಿಲ್ಲವೆಂದು ಮಷೀನು ಆನ್ ಆಗುವಾಗೆಲ್ಲ ತಗಾದೆ ತೆಗೆಯಿತು, ಸೆಟ್ಟಿಂಗಿಗೆ ಹೋಗಿ ಅದರ ಬಾಯಿ ಮುಚ್ಚಿಸಿದೆ. ಆಮೇಲೆ ಗುಂಡಿಗಳನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಾ ಬಂದೆ. ಗುಯ್ ಎನ್ನುವುದು ಇಳಿದು ಇಳಿದು, ಕೊನೆಗೆ ಹೊರಗಿನ ಓಣಿಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋಗುವುದು ಕೇಳಿಸಿತು. ಅಷ್ಟು ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಮೇಷ್ಟ್ರು ಬಂದು, ಕೂತು, ಸುತ್ತ ನೋಡಿದರು. “ಆಹಾ, ಗರ್ಭಗುಡಿ ಇದ್ದಂಗಾಯ್ತು ಕಣವ್ವ” ಅಂದರು. ಅದನ್ನೂ ಜೋರಾಗಿಯೇ ಅಂದರು. ಸದ್ದು ಹೋಗಿತ್ತು, ಗಂಟಲು ಮಾತ್ರ ಇದ್ದಲ್ಲೇ ಇತ್ತು. ಅವರಿಗದು ಗೊತ್ತಾಗಲಿಲ್ಲ. ನಾನಂತೂ ಹೇಳಲು ಹೋಗಲಿಲ್ಲ.

ಮೊದಲು ಕೇಳಿಸಿಕೊಂಡದ್ದು ಚನ್ನಪಟ್ಟಣದ ಕಡೆಯ ಒಬ್ಬ ತಾಯಿ. ನಾನು ಟೀ ಹಿಡಿದು ಬಂದಾಗ ಬೆಂಚಿನಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಒಳಗೆ ಮೇಷ್ಟ್ರು ಗಂಡಿನ ಕಡೆಯವರಿಗೆ, ಆ ತಾಯಿಯ ಮಗಳಿಗೆ ಕಿವಿ ಮಂದ ಎಂದು ಹೇಳುತ್ತಿದ್ದರು. ಆಯಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಎದ್ದು ಒಳಗೆ ಹೋದರು.

“ಮೇಷ್ಟ್ರೇ, ನನ್ ಮಗಳಿಗೆ ಕಿವಿ ಕೇಳ್ಸಲ್ಲ ಅಂದ್ರಾ? ಗೋಡೆ ಆಚೆಗಿದ್ದ ನಂಗೇ ಕೇಳುಸ್ತು.”

ಮೇಷ್ಟ್ರು ಏನೇನೋ ತಡವರಿಸಿ, ಅದು ಬೇರೆ ಹುಡುಗಿಯ ವಿಷಯ ಎಂದು ತೇಲಿಸಿದರು; ಆಯಮ್ಮ ಗೋಡೆಗೇ ಕಿವಿಯಿಟ್ಟು ಕೇಳಿರಬೇಕು ಅಂದುಕೊಂಡರು. ಹೀಗೇ ಇನ್ನೂ ಒಂದೆರಡು ಮನೆಯವರು ಕೇಳಿಸಿಕೊಂಡು, ಒಳಗೆ ಬಾರದೆ ಬೆಂಚಿನಿಂದಲೇ ಎದ್ದು ಹೋದರು. ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜಿಗೆ ಕಾಯುತ್ತಾ ಕೂತವರಿಗೆ ಬೇರೆ ಕೆಲಸವಿರುವುದಿಲ್ಲ, ಮಾತು ಅಲ್ಲಿಂದ ಹಳ್ಳಿಹಳ್ಳಿಗೂ ಹೋಯಿತು. ಮೇಷ್ಟ್ರು ಟೀ ಅಂಗಡಿಯವರ ಮೇಲೆ ಅನುಮಾನಪಟ್ಟರು, ಪಕ್ಕದ ಜೆರಾಕ್ಸ್ ಅಂಗಡಿಯವರ ಜೊತೆ ಮಾತು ಬಿಟ್ಟರು. ಮಷೀನಿಗೆ ಮಾತ್ರ ಎಂದಿನಂತೆ ಊದುಬತ್ತಿ ಬೆಳಗುತ್ತಿದ್ದರು.

ಗುಂಡಿ ಬಲಕ್ಕೂ ತಿರುಗುತ್ತದೆ ಎಂಬುದನ್ನು ಹೇಳಬೇಕು. ಗಂಡನಿಲ್ಲದ ಒಬ್ಬಾಕೆ ಬಂದು, ಮಗಳ ನಿಶ್ಚಿತಾರ್ಥ ಹಿಂದೆ ಒಮ್ಮೆ ಆಗಿ ಮುರಿದುಹೋಗಿದ್ದನ್ನು ಮೇಷ್ಟ್ರ ಮುಂದೆ ಅಳುತ್ತಾ ಹೇಳಿಕೊಳ್ಳುತ್ತಿದ್ದರು. ಬೆಂಚಿನ ತುಂಬಾ ಜನ. ಪ್ರಿಂಟು ತೆಗೆಯುತ್ತಿದ್ದ ನಾನು ಎರಡೂ ಗುಂಡಿಗಳನ್ನು ಪೂರಾ ಬಲಕ್ಕೆ ತಿರುಗಿಸಿದೆ. ಹಳೇ ಸದ್ದೆಲ್ಲ ವಾಪಸ್ಸು ಬಂತು.

“ಮತ್ಯಾಕವ್ವ ಒದರ್ತಾ ಐತೆ?”

“ಬಿಸಿ ಆಗೈತೆ ಮೇಷ್ಟ್ರೇ. ಒಸಿ ತಣ್ಣಗಾಗ್ಲಿ.”

ಆಕೆ ಕಣ್ಣೊರೆಸಿಕೊಂಡು, ಸೆರಗು ಸರಿ ಮಾಡಿಕೊಂಡು ಎದ್ದು ಹೋಗುವವರೆಗೂ ನಾನು ಅದನ್ನು ಇಳಿಸಲಿಲ್ಲ.

ನಾನು ಕಾಯುತ್ತಿದ್ದ ದಿನವೂ ಬಂತು. ಮಾಗಡಿ ಕಡೆಯಿಂದ ನನ್ನನ್ನು ನೋಡಿಕೊಂಡು ಹೋದವರು, ಕೆಲಸದ ಕಡೆ ವಿಚಾರಿಸಲು ಇಂಥ ದಿನ ಬರುತ್ತೇವೆಂದು ಹೇಳಿ ಕಳಿಸಿದ್ದರು. ಅಪ್ಪನಿಗೂ ಗೂಡು ಮಾರಲು ರಾಮನಗರಕ್ಕೆ ಬರುವುದಿತ್ತು. “ಮಾರ್ಕೆಟ್ ಮುಗುಸ್ಕಂಡು ನಮ್ಮಂಗಡಿ ಬೆಂಚಲ್ಲಿ ಕೂತಿರಪ್ಪ. ನಾನು ಕರ್ಯೋಗಂಟ ಒಳಕ್ ಬರ್ಬ್ಯಾಡ” ಅಂದೆ. ಯಾಕೆ ಎಂದು ಅಪ್ಪ ಕೇಳಲಿಲ್ಲ. ಮಾಗಡಿಯವರು ಇಬ್ಬರು ಬಂದು ಒಳಗೆ ಕೂತರು. ಮೇಷ್ಟ್ರು ಉಂಗುರ ತಿರುಗಿಸಿ ನನ್ನ ಕಡೆ ನೋಡಿದರು. ಟೀ ತರಲು ಏಳುವಾಗ ಎರಡೂ ಗುಂಡಿಗಳನ್ನು ಇಳಿಸಬಹುದಾದಷ್ಟು ಇಳಿಸಿ ಹೋದೆ.

ವಾಪಸ್ಸು ಬಂದಾಗ ಅಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ. ಮಡಚಿದ ಚೀಲ ತೊಡೆಯ ಮೇಲಿತ್ತು. ಮೂರ್ಛೆಯ ಮಾತು ಮುಗಿದು, ‘ನಾನ್ ಯೋಳ್ದೆ ಅಂತ ಯೋಳ್ಬೇಡಿ’ ಎನ್ನುವುದು ಕೇಳಿಸುತ್ತಿತ್ತು. ಅಪ್ಪ ನನ್ನ ಮುಖ ನೋಡಿದ. ಎಷ್ಟೋ ಕಾಲದ ಮೇಲೆ ನೋಡಿದ. ಎದ್ದು, ನನ್ನ ಕೈಯಿಂದ ಟೀ ಲೋಟಗಳನ್ನು ತೆಗೆದುಕೊಂಡು ತಾನೇ ಒಳಗೆ ಹೋದ. ನಾನು ಹಿಂದೆ ಹೋದೆ. ಮಾಗಡಿಯವರ ಮುಂದೆ ಲೋಟ ಇಟ್ಟು ಅಪ್ಪ ಅಂದ:

“ನಾನು ಈ ಎಣ್ಣಿನ ಅಪ್ಪ. ಈಗ ಇವ್ರು ಯೋಳಿದ್ನ ಆಚೆ ಕೂತ್ಕಂಡು ಕೇಳ್ದೆ. ನನ್ ಮುಂದೆ ಇನ್ನೊಂದ್ ಸಲ ಯೋಳ್ಲಿ.”

ಮೇಷ್ಟ್ರ ದವಡೆಯಲ್ಲಿದ್ದ ಲವಂಗ ಆಡುವುದು ನಿಂತಿತು. “ನಾನೇನ್ ಯೋಳ್ದೆ... ನೀನು ಕೇಳಿಸ್ಕಂಡಿದ್ದು ಎಂಗೆ...” ಎಂದರು. ಆಗ ಅವರಿಗೆ ಕೋಣೆ ಎಷ್ಟು ನಿಶ್ಶಬ್ದವಾಗಿದೆ ಎಂಬುದು ಕೇಳಿಸಿರಬೇಕು. ಮಷೀನನ್ನು ನೋಡಿದರು, ಪ್ಲೈವುಡ್ಡನ್ನು ನೋಡಿದರು, ಆಮೇಲೆ ನನ್ನನ್ನು.

“ನೀನಾ?”

“ನೀವೇ ಯೋಳಿದ್ರಲ್ಲ ಮೇಷ್ಟ್ರೇ, ಸದ್ದು ಅಡಗ್ಸು ಅಂತ” ಅಂದೆ.

ಅಪ್ಪ ಕೂಗಾಡಲಿಲ್ಲ. “ಇಷ್ಟ್ ದಿನ ನನ್ ಮಗಳ್ನೇ ಸುಳ್ಳಿ ಅಂದ್ಕಂಡೆ. ಅಂಗೆ ಮಾಡ್ಬುಟ್ರಿ” ಎಂದಷ್ಟೇ ಹೇಳಿ, ನನ್ನ ಬ್ಯಾಗು ತಾನೇ ಎತ್ತಿಕೊಂಡು ನಡೆದ. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತ. ಊರು ಬರುವವರೆಗೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಮತ್ತೆ ನಾನು ಆ ಅಂಗಡಿಗೆ ಹೋಗಲಿಲ್ಲ. ಸಾಫ್ಟ್‌ವೇರು ನಡೆಸುವವರು ಸಿಗದೆ, ಬರುವ ಜನವೂ ನಿಂತು, ಮೇಷ್ಟ್ರು ಬಾಗಿಲು ಮುಚ್ಚಿದರು ಎಂದು ಆಮೇಲೆ ಕೇಳಿದೆ. ಕೇಳಿ ಸಂತೋಷಪಟ್ಟೆ.

ಮಾಗಡಿಯವರ ಮನೆಗೆ ನಾನು ಸೊಸೆಯಾಗಿ ಹೋದೆನೆಂದು ನೀವು ಕಾಯುತ್ತಿದ್ದರೆ, ಇಲ್ಲ. ಅಷ್ಟು ರಾದ್ಧಾಂತ ಕಂಡವರು ಮತ್ತೆ ಯಾಕೆ ಬರುತ್ತಾರೆ. ಕಬ್ಬಾಳಿನ ಹುಡುಗನಿಗೆ ಅಷ್ಟರಲ್ಲಾಗಲೇ ಮದುವೆಯಾಗಿತ್ತು. ನನಗೆ ಮದುವೆಯಾಗಲಿಲ್ಲ. ಬೇರೆ ಯಾರ ವಿಷಯಕ್ಕೂ ನನಗೆ ದುಃಖವಿಲ್ಲ, ಅವನೊಬ್ಬನ ವಿಷಯಕ್ಕೆ ಇದೆ. ಕನಕಪುರದ ಬಸ್ಸು ಕಂಡರೆ ಈಗಲೂ ಅದು ಮರೆಯಾಗುವವರೆಗೂ ನೋಡುತ್ತಾ ನಿಲ್ಲುತ್ತೇನೆ. ಆಗೆಲ್ಲ ಮೇಷ್ಟ್ರನ್ನು ನೆನೆದು ಶಪಿಸಿದ್ದೇನೆ. ಅವರು ಸತ್ತರೆಂದು ಶಾಪ ವಾಪಸ್ಸು ತೆಗೆದುಕೊಂಡಿಲ್ಲ.

ಮೊನ್ನೆ ನನ್ನ ಸೆಂಟರಿಗೆ ಗಂಡ ಹೆಂಡತಿ ಇಬ್ಬರು ಬಂದರು. ಪಹಣಿ ತೆಗೆಸುವವರು, ಅರ್ಜಿ ಹಾಕುವವರು ಎಂದು ಅಂಗಡಿ ತುಂಬಿತ್ತು. ಹೆಂಡತಿ ನನ್ನ ಕಿವಿಯ ಹತ್ತಿರ ಬಗ್ಗಿ, ಮೇಷ್ಟ್ರ ಮೊಮ್ಮಗಳನ್ನು ತಮ್ಮ ಮಗನಿಗೆ ಕೇಳುತ್ತಿದ್ದೇವೆ ಅಂದರು. “ನಿಂಗೆ ಆ ಮನೆ ಚೆನ್ನಾಗಿ ಗೊತ್ತಂತಲ್ಲ. ಎಣ್ಣು ಎಂಗವ್ವ? ಒಳ್ಗಿಂದೊಳ್ಗೆ ಒಂದ್ ಮಾತು ಯೋಳು.”

ಒಂದು ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೂ ಬಂದಿತ್ತು. ಮೇಷ್ಟ್ರ ವಂಶದ ಒಂದು ಮನೆಯಲ್ಲಾದರೂ ನನ್ನ ಅವ್ವ ಅತ್ತ ಹಾಗೆ ಯಾರಾದರೂ ಅಳಲಿ ಅನಿಸಿತು. ಆದರೆ ಆ ಹುಡುಗಿ ಚಿಕ್ಕವಳಿದ್ದಾಗ ತಾತನಿಗೆ ಊಟ ತರುತ್ತಿದ್ದವಳು, ಹಬ್ಬದ ದಿನ ನನಗೂ ಒಂದು ಒಬ್ಬಟ್ಟು ಬೇರ್ಪಡಿಸಿ ಕೊಡುತ್ತಿದ್ದಳು. ನಾನು ಕುರ್ಚಿಯಿಂದ ಎದ್ದು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: “ಒಳ್ಳೇ ಹುಡ್ಗಿ. ಯಾವ ಕಾಯ್ಲೆನೂ ಇಲ್ಲ, ಯಾವ ದೋಸನೂ ಇಲ್ಲ. ಕಣ್ಮುಚ್ಕಂಡು ಮಾಡ್ಕಳಿ.”

ಇಬ್ಬರ ಮುಖವೂ ಅರಳಿತು. ಕೈಮುಗಿದು ಹೊರಟರು.

“ಇರಿ, ಕೂತ್ಕಳಿ. ಅವಳ ತಾತ ಎಂಥೋರು ಅಂತನೂ ಕೇಳ್ಬುಟ್ಟು ಹೋಗಿ” ಅಂದೆ.

“ಸತ್ತೋದೋರ ಇಸ್ಯ ನಮಗ್ಯಾಕವ್ವ, ಬ್ಯಾಡ” ಅಂದರು ಗಂಡ.

ಬೇಡವೆಂದರೂ ಕೂರಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಒಂದನ್ನೂ ಬಿಡದೆ ಹೇಳಿದೆ.